ಸ್ಪರ್ಧೆ ಗೆದ್ದ ತಂಗಿಯ ಬಗ್ಗೆ ಕೇಳಿದವರಿಗೆ

ತಂಗಿ ಟಿವಿ ಹಾಡಿನ ಸ್ಪರ್ಧೆ ಗೆದ್ದಿದ್ದಾಳೆ, ಡಿಗ್ರಿ ಬಿಡಿಸಿ ಸಿಂಧನೂರಿನಿಂದ ಬೆಂಗಳೂರಿಗೆ ಕಳಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಿಸಬೇಡಿ.

ನಾನು ಕೊಪ್ಪಳದ ಕಡೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗೆದ್ದ ಮೊದಲ ವರ್ಷ ಜಾತ್ರೆ, ಗಣೇಶೋತ್ಸವ ಅಂತ ಕರೆ ಮೇಲೆ ಕರೆ ಬರುತ್ತವೆ. ಒಬ್ಬ ಹುಡುಗಿ ಒಂದೇ ರಾತ್ರಿ ಎರಡು ಊರಲ್ಲಿ ಹಾಡಿದಳು. ಎರಡನೇ ವೇದಿಕೆಯಲ್ಲಿ ಮೇಲಿನ ಸ್ವರ ಹಿಡಿಯಲು ಹೋದರೆ ಬರೀ ಗಾಳಿ ಬಂತು. ಬಿಸಿನೀರಿನ ಲೋಟ ಹಿಡಿದಿದ್ದ ಅವಳ ಕೈ ನಡುಗುತ್ತಿತ್ತು. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಶ್ರೇಯಾ ಘೋಷಾಲ್ ಸ್ಪರ್ಧೆ ಗೆದ್ದೇ ಬೆಳಕಿಗೆ ಬಂದವರು, ನಿಜ. ಆದರೆ ಅರಿಜಿತ್ ಸಿಂಗ್ 2005ರ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ. ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕರ ಜೊತೆ ದುಡಿದರು. 2013ರಲ್ಲಿ ದೇಶವೆಲ್ಲ ಗುರುತಿಸಿತು. ಆ ಸ್ಟುಡಿಯೋ ಕೆಲಸವೇ ಜಾಸ್ತಿ ಮುಖ್ಯ, ಅಲ್ವಾ? ರಜೆಯಲ್ಲಿ ಬೆಂಗಳೂರಿಗೆ ಹೋಗಿ ಟ್ರ್ಯಾಕ್ (ಮುಖ್ಯ ಗಾಯಕರಿಗಾಗಿ ಮೊದಲೇ ಹಾಡಿಡುವ ಮಾದರಿ) ಹಾಡಲಿ.

ಇನ್ನೊಂದು, ಚಾನೆಲ್ ಜೊತೆಗಿನ ಒಪ್ಪಂದ ಓದಿ. ಎಷ್ಟು ತಿಂಗಳು ಬೇರೆ ಕಡೆ ಹಾಡುವಂತಿಲ್ಲ, ಕಾರ್ಯಕ್ರಮದ ಹಣದಲ್ಲಿ ಅವರ ಪಾಲು ಎಷ್ಟು, ನೋಡಿ. ಸುಮ್ನೆ ಸಹಿ ಹಾಕಬೇಡಿ, ಒಬ್ಬ ವಕೀಲರಿಗೆ ತೋರಿಸಿ. 2012ರ ಕಾಪಿರೈಟ್ ತಿದ್ದುಪಡಿಯಲ್ಲಿ ಗಾಯಕರಿಗೂ ರಾಯಲ್ಟಿ (ಹಾಡು ಬಳಸಿದಾಗ ಸಿಗುವ ಪಾಲು) ಹಕ್ಕು ಇದೆ, ಅದನ್ನೂ ಕೇಳಿ.