ಅಜ್ಜಿಯ ಬೀಟೆ ಕಪಾಟಿಗೆ ಬಿಳಿ ಪೇಂಟ್ ಬೇಡ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಊರಮನೆಯಿಂದ ಅಜ್ಜಿಯ ಕಾಲದ ಬೀಟೆ ಮರದ ಕಪಾಟನ್ನು ಬೆಂಗಳೂರಿನ ಫ್ಲಾಟಿಗೆ ತಂದಿದ್ದೇವೆ. ಮೈಯೆಲ್ಲ ಕಪ್ಪಾಗಿ ಅಂಟಂಟಾಗಿದೆ. ಬಾಗಿಲಿನ ಮೂಲೆಯಲ್ಲಿ ಸಣ್ಣ ತೂತುಗಳಿವೆ. ಮಳೆ ಶುರುವಾದ ಮೇಲೆ ಡ್ರಾಯರ್ ಎಳೆಯಲು ಬರುತ್ತಿಲ್ಲ. ಇಂಟೀರಿಯರ್ ಕೆಲಸದವರು "ಮೆಶಿನ್‌ನಲ್ಲಿ ಉಜ್ಜಿ ಬಿಳಿ ಪೇಂಟ್ ಹೊಡೆಸಿ, ರೂಮಿಗೆ ಹೊಂದುತ್ತೆ" ಅನ್ನುತ್ತಾರೆ. ಅಮ್ಮನಿಗೆ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ಅಮ್ಮನ ಮಾತು ಕೇಳಿ. ದಯವಿಟ್ಟು ಪೇಂಟ್ ಹೊಡೆಸಬೇಡಿ.

ಬೀಟೆಯನ್ನು ಹತ್ತಿರದಿಂದ ನೋಡಿ. ಮೈತುಂಬ ಸೂಜಿಯಲ್ಲಿ ಗೀರಿದಂಥ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಪೇಂಟ್ ಹೋಗಿ ಕೂರುವುದು ಅಲ್ಲಿ. ಕೆಲವು ವರ್ಷದ ಹಿಂದೆ ಒಬ್ಬರು ಬಿಳಿ ಪೇಂಟ್ ಬಳಿದಿದ್ದ ಬೀಟೆ ಕುರ್ಚಿ ತಂದು, "ಮೊದಲಿನ ಹಾಗೆ ಮಾಡಿಕೊಡಿ" ಎಂದರು. ಮೇಲಿನ ಪದರ ಎರಡು ದಿನಕ್ಕೆ ಬಂತು. ರಂಧ್ರದೊಳಗಿನದು ಬರಲೇ ಇಲ್ಲ. ಕಪ್ಪು ಮರದ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ಕೈ ಇಡುವ ಜಾಗವೊಂದನ್ನೇ ಹೊಲಿಗೆ ಸೂಜಿಯಿಂದ ಕೆದಕುತ್ತಾ ಒಂದು ವಾರ ಕೂತೆ. ಆಮೇಲೂ ಪೂರ್ತಿ ಹೋಗಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಇನ್ನೊಂದು ವಿಷಯ. ಬೀಟೆಯೊಳಗೆ ಅದರದೇ ಎಣ್ಣೆ, ಬಣ್ಣದ ಅಂಶ ಇರುತ್ತದೆ. ಅದು ಎಣ್ಣೆ ಪೇಂಟನ್ನು ಸರಿಯಾಗಿ ಒಣಗಲು ಬಿಡುವುದಿಲ್ಲ. ಬಿಳಿ ಪದರ ದಾಟಿ ಕಂದು ಕಲೆಯಾಗಿ ಮೇಲೆ ಬರುವುದೂ ಉಂಟು. ಅಂದರೆ ನಿಮಗೆ ಬೇಕಾದ ಬಿಳಿಯೂ ಉಳಿಯುವುದಿಲ್ಲ.

ಈಗ ಆ ಅಂಟು ಕಪ್ಪಿನ ಮಾತು. ಅದು ಮರದ್ದಲ್ಲ. ಒಲೆ ಹೊಗೆ, ದೂಳು, ಕೈಯ ಜಿಡ್ಡು. ಜೊತೆಗೆ ಹಬ್ಬಕ್ಕೊಮ್ಮೆ ಪ್ರೀತಿಯಿಂದ ಉಜ್ಜಿದ ಕೊಬ್ಬರಿ ಎಣ್ಣೆಯೂ ಇರಬಹುದು. ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ. ಆ ದಿನ ಹೊಳೆಯುತ್ತದೆ, ಆಮೇಲೆ ದೂಳು ಹಿಡಿದುಕೊಂಡು ಕೂರುತ್ತದೆ.

ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಸಾಕು. ಹಳೆಯ ಹತ್ತಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಒಂದು ಮೊಳದಷ್ಟು ಜಾಗ ಒರೆಸಿ. ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ ಮುಂದಕ್ಕೆ ಹೋಗಿ. ನೀರು ಸುರಿಯಬೇಡಿ. ಕೆತ್ತನೆಯ ಸಂದಿಗೆ ಹಳೆಯ ಮೆತ್ತನೆ ಟೂತ್‌ಬ್ರಶ್ ಚೆನ್ನಾಗಿ ಆಗುತ್ತದೆ. ಬಟ್ಟೆ ಕಪ್ಪಾಗುತ್ತಾ ಹೋದಂತೆ ಒಳಗಿನ ನೇರಳೆ ಮಿಶ್ರಿತ ಕಂದು ಗೆರೆಗಳು ಏಳುವುದನ್ನು ಅಮ್ಮನಿಗೂ ತೋರಿಸಿ.

ಆಮೇಲೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಪರೀಕ್ಷೆ. ಹತ್ತಿಯ ತುದಿಗೆ ಪಾಲಿಶ್ ಸ್ಪಿರಿಟ್ ಮುಟ್ಟಿಸಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಅಂಟಿದರೆ ಅದು ಅರಗಿನ ಪಾಲಿಶ್. ಅಂಗಡಿಯಲ್ಲಿ ಶೆಲ್ಯಾಕ್ ಅಂತ ಕೇಳಿ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಇದರ ದೊಡ್ಡ ಗುಣ ಏನೆಂದರೆ, ಹೊಸ ಅರಗು ಹಳೆಯ ಅರಗನ್ನು ಸ್ವಲ್ಪ ಕರಗಿಸಿ ಅದರಲ್ಲೇ ಬೆರೆಯುತ್ತದೆ. ಹಳೆಯದನ್ನು ಕೆರೆದು ತೆಗೆಯುವ ಕೆಲಸವೇ ಇಲ್ಲ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಸ್ಪಿರಿಟ್ ಪಾಲಿಶ್ ಗೊತ್ತಿರುವ ಕೆಲಸಗಾರರನ್ನು ಹುಡುಕಿ, ಬಣ್ಣ ಬೆರೆಸದೆ ತೆಳುವಾಗಿ ಎರಡು ಮೂರು ಸಲ ಹಚ್ಚಿಸಿ. ಉಜ್ಜುವ ಮೆಶಿನ್ ಮಾತ್ರ ಬಾಗಿಲೊಳಗೆ ಬರುವುದು ಬೇಡ. ಅಷ್ಟು ವರ್ಷದ ಗಾಳಿ, ಬೆಳಕು, ಕೈಗಳಿಂದ ಮಾಗಿದ ಮೈ ಹತ್ತು ನಿಮಿಷದಲ್ಲಿ ಹೋಗುತ್ತದೆ. ಕಪಾಟಿನ ಬಾಗಿಲಲ್ಲಿ ಮೈಸೂರು ಕಡೆಯ ಇನ್‌ಲೇ ಕೆಲಸ, ಅಂದರೆ ಮರದೊಳಗೆ ಬೇರೆ ಬಣ್ಣದ ಚೂರು ಕೂರಿಸಿದ ಚಿತ್ತಾರ, ಇದ್ದರಂತೂ ಕೇಳಲೇಬೇಡಿ.

ಪಾಲಿಶ್ ಈಗಲೂ ಚೆನ್ನಾಗಿದ್ದರೆ ಬರೀ ಜೇನುಮೇಣ ಸಾಕು. ನೂರು ಗ್ರಾಂ ಮೇಣ ತುರಿದು, ಸುಮಾರು ಮುನ್ನೂರು ಮಿಲಿ ಟರ್ಪೆಂಟೈನ್‌ನಲ್ಲಿ ಹಾಕಿ, ಮುಚ್ಚಳ ಬಿಗಿದು ಒಂದೆರಡು ದಿನ ಇಡಿ. ತಾನಾಗಿ ಮೆತ್ತಗಾಗುತ್ತದೆ. ಒಲೆ ಮೇಲೆ ಬಿಸಿ ಮಾಡಬೇಡಿ, ಟರ್ಪೆಂಟೈನ್‌ಗೆ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿಟ್ಟು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿ. ವರ್ಷಕ್ಕೊಮ್ಮೆ ಮಾಡಿದರೆ ಸಾಕು, ಜಾಸ್ತಿ ಬೇಡ.

ತೂತುಗಳು ಕುಟ್ಟೆ ಹುಳದವು. ಹುಳ ಈಗಲೂ ಇದೆಯಾ ಎಂದು ಮೊದಲು ನೋಡಬೇಕು. ಹಳೆಯ ಪುಡಿಯನ್ನು ಬ್ರಶ್‌ನಲ್ಲಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ತಿಂಗಳು ಬಿಡಿ. ಹೊಸ ಪುಡಿ ಬೀಳದಿದ್ದರೆ ಸುಮ್ನೆ ಔಷಧಿ ಹಾಕುವುದು ಬೇಡ, ತೂತಿಗೆ ಮೇಣ ತುಂಬಿ. ಬಿದ್ದರೆ ಕೈಗವಸು ಹಾಕಿಕೊಂಡು ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಡಿ. ಬೀಟೆಯ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಕಪ್ಪು ಭಾಗಕ್ಕೆ, ಹುಳ ಸುಲಭಕ್ಕೆ ಹೋಗುವುದಿಲ್ಲ. ಹೊರಸುತ್ತಿನ ಬಿಳಿ ಭಾಗ ಸೇರಿದ ಕಡೆ ಅಥವಾ ಹಿಂಬದಿಗೆ ಹಾಕಿದ ಬೇರೆ ಮರದ ಹಲಗೆಯಲ್ಲಿ ಇರುತ್ತದೆ. ಅಲ್ಲೇ ಚೆನ್ನಾಗಿ ನೋಡಿ.

ಡ್ರಾಯರ್‌ಗೆ ಈಗ ಉಳಿ, ಹತ್ತರಿ ಮುಟ್ಟಿಸಬೇಡಿ. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ. ಈಗ ಹತ್ತರಿ ಹೊಡೆಸಿದರೆ ಬೇಸಿಗೆಯಲ್ಲಿ ಲೊಡಲೊಡ ಅನ್ನುತ್ತದೆ, ಅಲ್ವಾ? ಜಾರುವ ಅಂಚುಗಳಿಗೆ ಮೇಣದಬತ್ತಿ ಉಜ್ಜಿ. ಮಾರ್ಚ್‌ನಲ್ಲೂ ಬಿಗಿಯಾಗೇ ಇದ್ದರೆ ಆಗ ಬಡಗಿಯನ್ನು ಕರೆಯಿರಿ.