ಮಳೆಗಾಲದ ನೆಗಡಿ, ಜ್ವರ ತಡೆಯಲು ಇಮ್ಯುನಿಟಿ ಪುಡಿ ಬೇಕಾ?

ಕಲಬುರಗಿಯಲ್ಲಿ ಮಳೆ ಶುರುವಾದರೆ ಮನೆಮಂದಿಗೆಲ್ಲ ನೆಗಡಿ, ಜ್ವರ ಬರುತ್ತದೆ, ಇಮ್ಯುನಿಟಿ ಪುಡಿ ತರಿಸಬೇಕಾ ಎಂದು ಕೇಳಿದ್ದೀರಿ. ಬೇಡ. ಆ ದುಡ್ಡಿನಲ್ಲಿ ಹಣ್ಣು, ಸೊಪ್ಪು, ಮೊಟ್ಟೆ ತನ್ನಿ.

ಮೊದಲು ನಿದ್ದೆ ನೋಡಿಕೊಳ್ಳಿ. ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9 ಗಂಟೆಯಾದರೂ ಬೇಕು. ನಿದ್ದೆಗೆಟ್ಟವರಿಗೆ ನೆಗಡಿ ಬೇಗ ಹಿಡಿಯುತ್ತದೆ. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಅದೇ ಬೇಜಾರು. ರಾತ್ರಿ ಮಕ್ಕಳ ಕೈಯಿಂದ ಮೊಬೈಲ್ ತಗೊಂಡು ಇಟ್ಟುಬಿಡಿ.

ಊಟಕ್ಕೆ ನಮ್ಮ ಕಡೆ ಏನು ಕಡಿಮೆ ಇದೆ? ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲಾ ಇದೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಪ್ರೋಟೀನ್‌ಗಳೇ, ಅದಕ್ಕೇ ಬೇಳೆ ಸ್ವಲ್ಪ ಗಟ್ಟಿಯಾಗಿಯೇ ಮಾಡಿ. ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಜೊತೆಗೇ ಚಹಾ ಕುಡಿದರೆ ಆ ಕಬ್ಬಿಣ ಜಾಸ್ತಿ ಸೇರುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ವಾರಕ್ಕೆ 5 ದಿನ, ಅಪ್ಪನ ಕೆರೆ ಸುತ್ತಮುತ್ತ ಅರ್ಧ ಗಂಟೆ ಚುರುಕಾಗಿ ನಡೆದರೆ ಸಾಕು. ಗುಟ್ಕಾ, ಬೀಡಿ ಮಾತ್ರ ಪೂರ್ತಿ ಬಿಡಲೇಬೇಕು. ಮಕ್ಕಳ ಲಸಿಕೆ ತಪ್ಪಿಸಬೇಡಿ, ಉಣ್ಣುವ ಮೊದಲು ಸಾಬೂನು ಹಚ್ಚಿ 20 ಸೆಕೆಂಡ್ ಕೈ ತೊಳೆಯಿರಿ.

ಮಳೆಗಾಲದ ಜ್ವರವೆಲ್ಲ ಸುಮ್ನೆ ನೆಗಡಿ ಜ್ವರ ಅಲ್ಲ. ಡೆಂಗಿ ಬರುವುದು ಸೊಳ್ಳೆಯಿಂದ. ನೀರು ತುಂಬಿಡುವ ಡ್ರಮ್, ಕೊಡಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ, ಮುಚ್ಚಿಡಿ. ಜ್ವರ ಎರಡು ದಿನದಲ್ಲಿ ಇಳಿಯದಿದ್ದರೆ ಕಷಾಯ ಕುಡಿಯುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ.