ಬೆಳಗಿನ 140: ಹೊಗೆಯೋ, ಮಂಜೋ?

ಚಿಕ್ಕಮಗಳೂರಿನ ನಿಮ್ಮ ಸೆನ್ಸರ್ ಬೆಳಗ್ಗೆ 6ಕ್ಕೆ ಪಿಎಂ 2.5 (ಗಾಳಿಯಲ್ಲಿರುವ ಅತಿ ಸಣ್ಣ ದೂಳಿನ ಕಣ) ಅನ್ನು ಘನ ಮೀಟರಿಗೆ 140 ಮೈಕ್ರೊಗ್ರಾಂ ತೋರಿಸಿದೆ, ಅದನ್ನೇ ಹಿಡಿದು ಕಸ ಸುಡುವವರ ಮೇಲೆ ದೂರು ಕೊಡಬಹುದೇ ಅಂತ ಕೇಳಿದ್ದೀರಿ. ಬೇಡ. ಅಗ್ಗದ ಲೇಸರ್ ಸೆನ್ಸರ್ ಮಂಜಿನ ಹನಿಯನ್ನೂ, ತೇವ ಹೀರಿ ಉಬ್ಬಿದ ಕಣವನ್ನೂ ದೂಳೆಂದೇ ಎಣಿಸುತ್ತದೆ. ತೇವಾಂಶ ಶೇ. 85 ದಾಟಿದ ಗಂಟೆಗಳನ್ನು ಬದಿಗಿಡಿ. ಸೆನ್ಸರನ್ನು ಒಂದೆರಡು ವಾರ ಕಲ್ಯಾಣನಗರದ ಮಾಲಿನ್ಯ ಮಂಡಳಿ ಮಾಪನ ಕೇಂದ್ರದ ಹತ್ತಿರವಿಟ್ಟು ವ್ಯತ್ಯಾಸ ನೋಡಿಕೊಳ್ಳಿ. ಬಚ್ಚಲ ಒಲೆಯಿಂದ ದೂರವಿರಲಿ. ಮಲೆನಾಡಲ್ಲಿ ಹಂಡೆ ಒಲೆಯೇ ಮೊದಲ ಆರೋಪಿ! ಪಿಎಂ 2.5ರ ಮಿತಿ 60 ಎಂಬುದು 24 ಗಂಟೆಯ ಸರಾಸರಿಗೆ, ಬೆಳಗಿನ ಒಂದು ಅಳತೆಗಲ್ಲ.

ನಿಜ ಹೇಳಬೇಕೆಂದರೆ ದೂರಿಗೆ ಸೆನ್ಸರ್ ಬೇಕೇ ಇಲ್ಲ. ಬಯಲಲ್ಲಿ ಕಸ ಸುಟ್ಟರೆ 5,000, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ದಿನಾಂಕ, ಸಮಯ, ಜಾಗ ಕಾಣುವ ಫೋಟೊ ಲಗತ್ತಿಸಿ ನಗರಸಭೆಗೆ ಕೊಡಿ, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.